ಗರಗಸದ ಮೇಜಿಗೆ ಹೊಸ ಪಟ್ಟಿ

ನಮ್ಮ ಮರಗೆಲಸದ ಶೆಡ್ಡಿನಲ್ಲಿರುವ ಹಳೆಯ ಗರಗಸದ ಮೇಜಿಗೆ ಹೊಸ ಭಾಗಗಳನ್ನು ಹಾಕಿದವನು ನಾನು. ಹಾಕಿದ ಮೇಲೆ ಯಂತ್ರ ಸರಿಯಾಯಿತು, ಅಣ್ಣ ಕೆಲಸ ಬಿಟ್ಟ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನಾನು ಬೇರಿಂಗು, ಬೆಲ್ಟು ಎಂದು ಸುತ್ತಿ ಬಳಸಿ ಮಾತಾಡುತ್ತ ಅಸಲು ವಿಷಯಕ್ಕೆ ಬರುವುದೇ ಇಲ್ಲ.

ಇನ್ನೊಂದನ್ನೂ ಮೊದಲೇ ಹೇಳುತ್ತೇನೆ. ಅಣ್ಣನಿಗೆ ಆಗಲೇ ಕಣ್ಣು ಮಂಜಾಗಿತ್ತು. ಆಳು ಬಂದದ್ದು ಗೊತ್ತಾಗುತ್ತಿತ್ತು, ದಾರಿ ಗೊತ್ತಾಗುತ್ತಿತ್ತು. ಟೇಪಿನ ಮೇಲಿನ ಗೀಟು ಮಾತ್ರ ಗೊತ್ತಾಗುತ್ತಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲೇ ನಿಂತು ದಿನವಿಡೀ ಕೆಲಸ ಮಾಡುತ್ತಿದ್ದ ನನಗೂ ತಿಳಿಯಲಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕುವ ಕೆಲಸವನ್ನೆಲ್ಲ ಅವನು ನನ್ನ ಕಡೆ ತಳ್ಳುತ್ತಿದ್ದ. "ನೀನೇ ಹಾಕಾ, ನಿನ್ನ ಗೀಟು ಚೆಂದ" ಎನ್ನುತ್ತಿದ್ದ. ನಾನು ಉಬ್ಬಿಹೋಗಿ ಹಾಕುತ್ತಿದ್ದೆ. ಹೊಗಳಿಕೆ ಎಂದರೆ ನನಗೆ ಮೊದಲಿಂದಲೂ ಹಾಗೇ, ಹಿಂದೆ ಮುಂದೆ ನೋಡುವುದಿಲ್ಲ.

ನಮ್ಮ ಶೆಡ್ಡು ಇರುವುದು ಹೊಸನಗರದಿಂದ ನಗರ ಎಂಬ ಊರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ. ಆ ಯಂತ್ರವನ್ನು ಅಪ್ಪ ತಂದದ್ದು, ಬಾಗಿಲು ಹಾಕಿದ ಒಂದು ಸಾಮಿಲ್ಲಿನಿಂದ. ಬೀಡು ಕಬ್ಬಿಣದ ದಪ್ಪ ಮೇಜು, ಮಧ್ಯದ ಸೀಳಿನಿಂದ ಅರ್ಧ ಮೇಲೆದ್ದು ನಿಂತ ದುಂಡು ಬ್ಲೇಡು. ಬ್ಲೇಡಿನ ಪಕ್ಕಕ್ಕೆ ಗೈಡು, ಅಂದರೆ ಹಲಗೆಯನ್ನು ಒರಗಿಸಿಕೊಂಡು ತಳ್ಳುವ ಕಬ್ಬಿಣದ ಅಡ್ಡಗೋಡೆ. ಆ ಗೈಡು ಹಿಂದೆ ಮುಂದೆ ಜಾರುವುದು ಮೇಜಿನ ಮುಂಭಾಗದ ಒಂದು ಪಟ್ಟಿಯ ಮೇಲೆ. ಗೈಡು ಬ್ಲೇಡಿನಿಂದ ಎಷ್ಟು ದೂರವೋ ಮರ ಅಷ್ಟು ಅಗಲಕ್ಕೆ ಸೀಳುತ್ತದೆ. ವಿಷಯ ಇಷ್ಟೇ.

ಆ ಪಟ್ಟಿಯ ಮೇಲೆ ಅಳತೆಯ ಅಂಕಿಗಳಿರಲಿಲ್ಲ, ಎಂದೋ ಸವೆದು ಹೋಗಿದ್ದವು. ಅದರ ಬದಲು ಅರದಿಂದ ಉಜ್ಜಿ ಮಾಡಿದ ಕಚ್ಚುಗಳಿದ್ದವು. ಮೊದಲಿನವು ಅಪ್ಪ ಹಾಕಿದ್ದು, ಉಳಿದವು ಅಣ್ಣನವು. ಹಂಚಿನ ರೀಪಿಗೆ ಒಂದು ಸಣ್ಣ ಕಚ್ಚು, ರೀಪನ್ನು ಹೊರುವ ಪಕಾಸಿಗೆ ಅಕ್ಕಪಕ್ಕ ಎರಡು, ಕಿಟಕಿಗೆ ಓರೆಯಾಗಿ ಒಂದು, ದಾರಂದಕ್ಕೆ, ಅಂದರೆ ಬಾಗಿಲಿನ ಚೌಕಟ್ಟಿಗೆ, ಉಗುರು ಪೂರ್ತಿ ಇಳಿಯುವಷ್ಟು ಆಳದ್ದು ಒಂದು. ಅಣ್ಣ ಎಡಗೈ ಹೆಬ್ಬೆರಳಿನ ಉಗುರನ್ನು ಪಟ್ಟಿಯ ಮೇಲೆ ಎಳೆಯುತ್ತ ಹೋಗುತ್ತಿದ್ದ, ಬೇಕಾದ ಕಚ್ಚು ಸಿಕ್ಕ ಕೂಡಲೇ ಗೈಡನ್ನು ಉಗುರಿಗೆ ತಾಗಿಸಿ ತಿರುಪು ಬಿಗಿಯುತ್ತಿದ್ದ. ಕಣ್ಣು ಬೇಕೇ ಇರಲಿಲ್ಲ. ಚೆನ್ನಾಗಿದ್ದ ಕಾಲದಲ್ಲೂ ಅವನು ಮಾಡುತ್ತಿದ್ದುದು ಹಾಗೆಯೇ, ಆದ್ದರಿಂದ ಚೆನ್ನಾಗಿರುವುದು ನಿಂತದ್ದು ಯಾವಾಗ ಎಂದು ನೋಡುವವರಿಗೆ ಗೊತ್ತಾಗುವಂತಿರಲಿಲ್ಲ.

ಯಂತ್ರ ಹಳತಾಗಿತ್ತು. ಬೇರಿಂಗು ಸವೆದು ಬ್ಲೇಡು ನಡುಗುತ್ತಿತ್ತು. ಪಟ್ಟಿ ಡೊಂಕಾಗಿ, ಗೈಡು ಹಿಂದಿನ ತುದಿಯಲ್ಲಿ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಒಳಕ್ಕೆ ವಾಲಿ, ಮರವನ್ನು ಬ್ಲೇಡಿಗೆ ಒತ್ತುತ್ತಿತ್ತು. ಒಂದು ದಿನ ನಾನು ಸೀಳುತ್ತಿದ್ದ ಮತ್ತಿ ಮರದ ತುಂಡು ಸಿಕ್ಕಿಹಾಕಿಕೊಂಡು ವಾಪಸ್ಸು ಹಾರಿತು. ನನ್ನ ಸೊಂಟದ ಪಕ್ಕದಿಂದ ಹೋಗಿ ಹಿಂದಿನ ಗೋಡೆಯ ಸಿಮೆಂಟ್ ಶೀಟಿಗೆ ಬಡಿದು ಅದನ್ನು ಒಡೆದೇ ಬಿಟ್ಟಿತು. ಆ ಜಾಗದಲ್ಲಿ ಅಣ್ಣ ನಿಂತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿಯೇ ನಾನು ರಿಪೇರಿಗೆ ಇಳಿದದ್ದು. ಇದನ್ನು ಯಾರಾದರೂ ನಂಬಲಿ ಎಂದು ಹೇಳುತ್ತಿಲ್ಲ. ನಾನೇ ಕೆಲವು ದಿನ ನಂಬುವುದಿಲ್ಲ.

"ಬೇರಿಂಗ್ ಬದಲ್ಸು, ಬೇಕಾದ್ರೆ ಶಾಫ್ಟೂ ಬದಲ್ಸು. ಆ ಪಟ್ಟಿ ಮಾತ್ರ ಮುಟ್ಟಕ್ಕೆ ಹೋಗ್ಬೇಡ" ಎಂದ ಅಣ್ಣ.

"ಡೊಂಕಾಗಿರೋದೇ ಅದಲ್ವಾ ಅಣ್ಣ?"

"ಇರ್ಲಿ ಮಾರಾಯ. ಅದ್ರ ಡೊಂಕು ನಂಗೊತ್ತು."

ಇಷ್ಟು ಸ್ಪಷ್ಟವಾಗಿ ಹೇಳಿದ್ದ. ನಾನು ಅದನ್ನು ಹಟ ಎಂದುಕೊಂಡೆ. ಅವನಿಗೆ ಅರವತ್ತು ದಾಟಿತ್ತು, ವಯಸ್ಸಾದವರಿಗೆ ಹಳೆಯದೇ ಚಂದ ಎಂದು ತೀರ್ಮಾನಿಸಿಬಿಟ್ಟೆ.

ಶಾಫ್ಟು ಬಿಚ್ಚಿಕೊಂಡು ಸಾಗರಕ್ಕೆ ಹೋದೆ. ಲೇತಿನವನು ಬೇರಿಂಗಿನ ಒಳಗಿನ ತೂತಿಗೆ ವರ್ನಿಯರ್ ಇಟ್ಟು ಅಳತೆ ನೋಡಿ ನಕ್ಕ. "ಇದು ಇಂಚಿನ ಕಾಲದ್ದು ಮಾರಾಯ್ರೆ. ಈ ಸೈಜು ಈಗ ಎಲ್ಲಿ ಬರ್ತದೆ?" ಎಂದ. ಕೊನೆಗೆ ಈಗಿನ ಅಳತೆಯ ಬೇರಿಂಗು ತಂದು, ಅದು ಕೂರುವಷ್ಟಕ್ಕೆ ಶಾಫ್ಟನ್ನು ಲೇತಿನಲ್ಲಿ ಸಣ್ಣ ಮಾಡಿಸಿ, ಹೊರಗಿನ ಗೂಡಿಗೆ ಒಂದು ಬಳೆ ಹಾಕಿಸಿದೆ. ಊರಿಗೆ ಬಂದು ಅತ್ತಿಗೆಯ ಹತ್ತಿರ ಒಂದು ಬಾಣಲೆ ಕೇಳಿ, ಎಣ್ಣೆ ಕಾಯಿಸಿ, ಬೇರಿಂಗನ್ನು ಅದರಲ್ಲಿ ಮುಳುಗಿಸಿಟ್ಟೆ. ಬಿಸಿಗೆ ಹಿಗ್ಗಿದಾಗ ಶಾಫ್ಟಿಗೆ ಏರಿಸಿದರೆ ಆರಿದ ಮೇಲೆ ಕಚ್ಚಿ ಕೂರುತ್ತದೆ. ಸುತ್ತಿಗೆಯ ಒಂದು ಪೆಟ್ಟೂ ಬೇಕಾಗಲಿಲ್ಲ. ಅತ್ತಿಗೆ ಬಾಣಲೆಯ ತಳ ನೋಡಿ "ಇದ್ರಲ್ಲಿ ಇನ್ನು ಹಪ್ಪಳ ಕರ್ದಂಗೇ ಬಿಡು" ಎಂದರು. ಅಣ್ಣ ಬೇರಿಂಗನ್ನು ಕೈಯಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, "ಲಾಯ್ಕಾಯ್ತು" ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು.

ನಿಲ್ಲಿಸಲಿಲ್ಲ. ಮರಗೆಲಸದವರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ತೀರ್ಥಹಳ್ಳಿಯ ಒಬ್ಬರ ಹತ್ತಿರ ನಮ್ಮದೇ ಜಾತಿಯ ಯಂತ್ರ ಮೂಲೆ ಸೇರಿತ್ತು. ಅವರು ಮರಗೆಲಸ ಬಿಟ್ಟು ರೆಡಿಮೇಡ್ ಬಾಗಿಲು ಮಾರುತ್ತಿದ್ದರು. ಮೋಟಾರು ಸುಟ್ಟಿದ್ದರೂ ಗೈಡು ಮತ್ತು ಪಟ್ಟಿ ಹೊಸದರಂತೆ ಇದ್ದವು. ಪಟ್ಟಿಯ ಮೇಲೆ ಅಂಕಿಗಳ ಉಕ್ಕಿನ ಟೇಪೂ ಅಂಟಿಸಿತ್ತು. "ತಗಂಡ್ ಹೋಗಿ, ಇಲ್ಲಿದ್ರೆ ತುಕ್ಕು ಹಿಡಿಯದು ಅಷ್ಟೆ" ಎಂದರು. ಕೋಣಂದೂರಿನ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ಸೀಟುಗಳ ನಡುವೆ ಉದ್ದಕ್ಕೆ ಮಲಗಿಸಿಕೊಂಡು ಬಂದೆ. ಹತ್ತುವವರು ಇಳಿಯುವವರೆಲ್ಲ ಎಡವಿ ಬೈದರು. ನನಗೆ ಏನೂ ಅನ್ನಿಸಲಿಲ್ಲ, ಮದುವೆ ದಿಬ್ಬಣ ಕರೆತಂದಷ್ಟು ಖುಷಿಯಲ್ಲಿದ್ದೆ.

ಅಣ್ಣ ಮತ್ತು ಅತ್ತಿಗೆ ಆಗ ಬ್ಯಾಕೋಡಿನ ಕಡೆ ನೆಂಟರ ಮನೆಗೆ ಹೋಗಿದ್ದರು. ಎರಡು ದಿನ ಶೆಡ್ಡಿನಲ್ಲಿ ನಾನೊಬ್ಬನೇ. ಹಳೆಯ ಪಟ್ಟಿ ಬಿಚ್ಚಿದೆ, ಹೊಸದನ್ನು ಕೂರಿಸಿದೆ. ಬ್ಲೇಡಿನ ಒಂದೇ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಿರುಗಿಸಿ, ಎರಡೂ ಕಡೆ ಗೈಡಿಗಿರುವ ಅಂತರ ಅಳೆದೆ. ಕೂದಲೆಳೆಯ ವ್ಯತ್ಯಾಸವೂ ಬರದವರೆಗೆ ಬಿಡಲಿಲ್ಲ. ಆಮೇಲೆ ಇಳಿಸಿದ್ದ ಮೋಟಾರನ್ನು ಮತ್ತೆ ಕೂರಿಸಲು ಕಾಲಿಗೆ ಕಬ್ಬಿಣ ಬೇಕಾಯಿತು. ಕಣ್ಣೆದುರಿಗೆ ಹಳೆಯ ಪಟ್ಟಿ ಬಿದ್ದಿತ್ತು. ಒಳ್ಳೆಯ ಗಟ್ಟಿ ಕಬ್ಬಿಣ. ನಾಲ್ಕು ತುಂಡು ಮಾಡಿ, ವೆಲ್ಡಿಂಗ್ ಮಾಡಿ, ಮೋಟಾರಿನ ಕೆಳಗೆ ನಿಲ್ಲಿಸಿದೆ. ಏನನ್ನೂ ಹಾಳು ಮಾಡದೆ ಉಪಯೋಗಿಸುವವನು ನಾನು ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಮರಳಿ ಬಂದ ಅಣ್ಣ ಎಂದಿನಂತೆ ಯಂತ್ರದ ಮುಂದೆ ನಿಂತು ಹೆಬ್ಬೆರಳು ಇಟ್ಟ. ಈ ತುದಿಯಿಂದ ಆ ತುದಿಯವರೆಗೆ ಉಗುರು ಎಳೆದ. ಮತ್ತೆ ಆ ತುದಿಯಿಂದ ಈಚೆಗೆ ಬಂದ. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಹಳೇದೆಲ್ಲಿ?" ಎಂದ.

"ಮೋಟ್ರಿನ ಕಾಲಿಗೆ ಹಾಕ್ದೆ."

"ತುಂಡು ಮಾಡಿ?"

"ಹ್ಞೂಂ. ಅದಿನ್ನೆಂತಕ್ಕೆ ನಮ್ಗೆ?"

ಅಣ್ಣ "ಆಯ್ತು" ಎಂದ. ಕೈಯನ್ನು ಲುಂಗಿಗೆ ಒರೆಸಿಕೊಂಡು ಹೊರಗೆ ಹೋದ. ಆಗಲೂ ಅವನು ಹೇಳಬಹುದಿತ್ತು. ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ ಗೊತ್ತಿಲ್ಲ. ಹೇಳದೆ ಇದ್ದುದಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆ ಸಿಟ್ಟಿನ ಬೆನ್ನಿಗೇ ನಾಚಿಕೆ ಬರುತ್ತದೆ.

ಆ ಮೇಲಿನ ದಿನಗಳಲ್ಲಿ ಅಣ್ಣ ಯಂತ್ರದ ಹತ್ತಿರ ಸುಳಿಯಲಿಲ್ಲ. ಕೂತು ಉಳಿಗೆ ಸಾಣೆ ಹಿಡಿದ, ಬಾಗಿಲಿಗೆ ಪಾಲೀಸು ಪೇಪರ್ ಉಜ್ಜಿದ. ಸೀಳುವ ಕೆಲಸ ಬಂದರೆ "ನೀನೇ ಮಾಡು, ಹೊಸಾದು ನಿಂಗೇ ಸರಿ" ಎನ್ನುತ್ತಿದ್ದ. ಹೇಳದೆ ಪಟ್ಟಿ ಬದಲಿಸಿದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ ಎಂದು ನಾನು ತಿಳಿದೆ. ಒಂದು ವಾರ ಸಹಿಸಿದೆ. ಆಮೇಲೆ ನನಗೂ ತಲೆ ಕೆಟ್ಟಿತು.

ಅಷ್ಟರಲ್ಲಿ ನಗರದ ಕಡೆಯ ಗೌಡರೊಬ್ಬರು ಹೊಸ ಮನೆಯ ಹೆಬ್ಬಾಗಿಲಿನ ದಾರಂದಕ್ಕೆ ಮರ ತಂದರು. ಹಲಸು. ಅವರ ತಂದೆ ಅಂಗಳದಲ್ಲಿ ನೆಟ್ಟ ಮರವಂತೆ, ಹೊಸ ಮನೆಯ ಪಾಯಕ್ಕೆ ಅಡ್ಡ ಬಂದದ್ದಕ್ಕೆ ಕಡಿಸಿ, ಎರಡು ವರ್ಷ ನೆರಳಲ್ಲಿ ಒಣಗಿಸಿಟ್ಟಿದ್ದರು. ಮಿಲ್ಲಿನಲ್ಲಿ ದಪ್ಪಕ್ಕೆ ಕೊಯ್ಯಿಸಿ ತಂದಿದ್ದರು, ನಾವು ಐದು ಇಂಚು ಅಗಲಕ್ಕೆ ಸೀಳಿ, ಮೂಲೆ ಜೋಡಿಸುವ ಗೂಡು, ಬಾಗಿಲು ಕೂರುವ ಸಾಲು ಹೊಡೆಯಬೇಕಿತ್ತು. ದಾರಂದ ಇಡುವ ಮುಹೂರ್ತ ಹತ್ತಿರವಿತ್ತು. ಮರ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು, ಒಂದು ಗಂಟೂ ಇರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬೇರೆ ಯಾವುದನ್ನು ಯಾರು ಬೇಕಾದರೂ ಕೊಯ್ಯಬಹುದು, ಹೆಬ್ಬಾಗಿಲಿನ ದಾರಂದವನ್ನು ಮಾತ್ರ ಶೆಡ್ಡಿನ ಹಿರಿಯನೇ ಕೊಯ್ಯಬೇಕು. ಅಂದು ಸ್ನಾನ ಮಾಡಿ, ಏನೂ ತಿನ್ನದೆ ಬಂದು, ಮರಕ್ಕೆ ಕೈ ಮುಗಿದು ಶುರು ಮಾಡಬೇಕು. ಅಪ್ಪ ಇರುವವರೆಗೆ ಅಪ್ಪ, ಆಮೇಲೆ ಅಣ್ಣ. ಅವನು ಕೊಯ್ದ ದಾರಂದಗಳು ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಮನೆಗಳಲ್ಲಿವೆ.

"ಈ ಸಲ ನೀನೇ ಕೊಯ್ಯಾ" ಎಂದ ಅಣ್ಣ, ಗೌಡರ ಎದುರಿಗೇ.

ನನಗೆ ಎಲ್ಲಿತ್ತೋ ಸಿಟ್ಟು. "ಎಂತಕ್ಕೆ? ಪದ್ಧತಿ ಬಿಡದಾ? ಒಂದು ಪಟ್ಟಿ ಬದ್ಲಾಯ್ತು ಅಂತ ದಾರಂದ ಕೊಯ್ಯದೂ ಬಿಡ್ತೀಯಾ? ಹೊಸ ಮಿಷಿನ್ ಕಂಡ್ರೆ ಹೆದ್ರಿಕೆ ಆದ್ರೆ ಹಂಗೇ ಹೇಳು" ಎಂದೆ. ಗೌಡರು ಕಸಿವಿಸಿಯಿಂದ ರಸ್ತೆಯ ಕಡೆ ನೋಡಿದರು.

ಅಣ್ಣ ಎದ್ದು, ಅಂಗಿಯ ತೋಳು ಮಡಿಸಿಕೊಂಡ. "ನಾಳೆ ಬೆಳಿಗ್ಗೆ ಬನ್ನಿ ಗೌಡ್ರೆ. ನಾನೇ ಕೊಯ್ತೀನಿ" ಎಂದ.

ಮರುದಿನ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದ. ಮರಕ್ಕೆ ಕೈ ಮುಗಿದ. ಅವನು ಗೈಡು ಹೊಂದಿಸುವಾಗ ನಾನು ನೋಡಲಿಲ್ಲ. ನೋಡಬಾರದು ಎಂದೇ ನೋಡಲಿಲ್ಲ, ತಮ್ಮ ತಪಾಸಣೆಗೆ ನಿಂತ ಎಂದು ಅವನಿಗೆ ಅನ್ನಿಸಬಾರದಲ್ಲ. ಗೌಡರಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟು ಹೊರಗೆ ಕೂತೆ. ಒಳಗೆ ಮೋಟಾರು ಶುರುವಾಯಿತು, ಬ್ಲೇಡು ಮರಕ್ಕೆ ತಾಗಿ ಒಂದೇ ಸಮನೆ ಹಾಡಿತು. ನಾನು ಗೌಡರಿಗೆ "ಕೇಳಿ ಗೌಡ್ರೆ, ಒಂಚೂರಾದ್ರೂ ನಡುಗ್ತದಾ?" ಎಂದೆ. ಒಂದು ಸೀಳು ಮುಗಿಯಿತು, ಎರಡು ಮುಗಿಯಿತು. ನಾಲ್ಕೂ ಮುಗಿಯುವವರೆಗೆ ನಾನು ಬೇರಿಂಗಿನ ಕಥೆ ಹೇಳುತ್ತ ಕೂತಿದ್ದೆ.

ಒಳಗೆ ಹೋದಾಗ ನಾಲ್ಕು ತುಂಡುಗಳೂ ಗೋಡೆಗೆ ಒರಗಿದ್ದವು. ಅಂಚು ಗಾಜಿನಷ್ಟು ನಯ. ಬದಿಯಲ್ಲಿ ಬಿದ್ದ ಸೀಳು ತುಂಡುಗಳು ಇರಬೇಕಾದ್ದಕ್ಕಿಂತ ದಪ್ಪವಾಗಿದ್ದವು. ಅದನ್ನು ಗೌಡರೂ ಕಂಡರು. ಅವರು ಜೀವನದಲ್ಲಿ ಮರ ಕಂಡವರೇ. ಮೇಜಿನ ಮೇಲಿದ್ದ ಟೇಪನ್ನು ಎಳೆದು, ದಾರಂದದ ಅಗಲಕ್ಕೆ ಹಿಡಿದು, ಅಣ್ಣನನ್ನು ಕರೆದರು. "ಆಚಾರ್ರೆ, ಇದೆಷ್ಟಿದೆ? ನೀವೇ ಒಂದು ಸಲ ನೋಡಿ ಹೇಳಿ."

ಅಣ್ಣ ಬಾಗಿದ. ಟೇಪನ್ನು ನೋಡಲು ಮುಖವನ್ನು ಒಂದು ಬದಿಗೆ ತಿರುಗಿಸಿದ, ಹತ್ತಿರ ಹೋದ, ಮೂಗು ಮರಕ್ಕೆ ತಾಗುವಷ್ಟು ಹತ್ತಿರ. ಬೆರಳಿನಿಂದ ಟೇಪನ್ನು ಮೆಲ್ಲಗೆ ಸವರಿದ.

"ಐದು" ಎಂದ.

ಇದ್ದದ್ದು ನಾಲ್ಕು ಇಂಚು. ನಾಲ್ಕಕ್ಕೂ ಒಂದು ನೂಲು ಕಮ್ಮಿ. ಅಂಗೈ ಅಗಲವನ್ನು ಬ್ಲೇಡಿಗೂ ಗೈಡಿಗೂ ನಡುವೆ ಇಟ್ಟು ಅಂದಾಜಿನ ಮೇಲೆ ಬಿಗಿದಿದ್ದ ಎಂದು ನನಗೆ ಆಮೇಲೆ ಗೊತ್ತಾಯಿತು.

ಗೌಡರು ಅಣ್ಣನ ಮುಖ ನೋಡಿದರು, ನನ್ನ ಮುಖ ನೋಡಿದರು. ಟೇಪನ್ನು ನಿಧಾನವಾಗಿ ಒಳಗೆ ಬಿಟ್ಟರು. "ಹೌದು, ಐದೇ ಇದೆ. ನಂಗೇ ಸರಿ ಕಾಣ್ಲಿಲ್ಲ" ಎಂದರು. ಅವರು ಕೂಗಾಡಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. ಅಣ್ಣ ಆ ದನಿಯನ್ನು ಕೇಳಿಯೇ ತಿಳಿದುಕೊಂಡ. ಮರವನ್ನು ಕೈಯಿಂದ ಮುಟ್ಟಿದ, ಅಗಲಕ್ಕೆ ನಾಲ್ಕು ಬೆರಳು ಹಿಡಿದು ನೋಡಿದ, ಅಲ್ಲೇ ಹೊಟ್ಟಿನ ಮೇಲೆ ಕೂತುಬಿಟ್ಟ. ಹೆಬ್ಬಾಗಿಲಿಗೆ ಅಂಟಿಸಿದ ಮರ ಇಡುವಂತಿಲ್ಲ, ಅಂಥ ಹಲಸು ಇನ್ನೊಂದು ಇಲ್ಲ. ಗೌಡರ ಮನೆಗೆ ಕೊನೆಗೆ ಬೇರೆಲ್ಲಿಂದಲೋ ಕಾಂಕ್ರೀಟಿನ ದಾರಂದ ಬಂತು. ಗೃಹಪ್ರವೇಶಕ್ಕೆ ನಮ್ಮನ್ನು ಮರೆಯದೆ ಕರೆದರು. ನಾವು ಹೋಗಲಿಲ್ಲ.

ಅಂದು ಮಧ್ಯಾಹ್ನ ಅಣ್ಣ ಊಟಕ್ಕೆ ಏಳಲಿಲ್ಲ. ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು.

"ನಂಗೂ ಮೊನ್ನೆ ಬ್ಯಾಕೋಡಿಗೆ ಹೋದಾಗ್ಲೇ ಗೊತ್ತಾಗಿದ್ದು. ಗುರುತಿಲ್ಲದ ಮನೇಲಿ ಮೆಟ್ಲು ತಪ್ಪಿದ್ರು. ಗಟ್ಟಿ ಮಾಡಿ ಕೇಳ್ದೆ. ಎರಡ್ಮೂರು ವರ್ಷ ಆಯ್ತಂತೆ. ಶೆಡ್ಡಲ್ಲಿ ಎಂತ ಮಾಡ್ತೀರಿ ಅಂದ್ರೆ, ಪಟ್ಟಿ ಇದೆಯಲ್ಲೇ, ನಂಗೆ ಅಷ್ಟು ಸಾಕು ಅಂದ್ರು. ನಿಂಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡ್ರು."

"ಎಂತಕ್ಕೆ ಅತ್ಗೆ?"

"ನೀನು ಮಿಷಿನ್ ಹತ್ರ ಬಿಡಲ್ಲ ಅಂತ."

ನಿಜ, ಬಿಡುತ್ತಿರಲಿಲ್ಲ. ಅವನು ಪಟ್ಟಿ ನಂಬಿಕೊಂಡು ಬ್ಲೇಡಿನ ಮುಂದೆ ನಿಂತಿದ್ದ ಅಷ್ಟು ದಿನಗಳನ್ನು ಎಣಿಸಿದೆ. ಜೊತೆಗೇ, ಅಷ್ಟು ದಿನ ಅವನ ಒಂದು ಅಳತೆಯೂ ತಪ್ಪಿರಲಿಲ್ಲ ಎಂಬುದೂ ನೆನಪಾಯಿತು.

ನಾನು ಮೋಟಾರು ಇಳಿಸಿ ಗ್ರೈಂಡರಿನಿಂದ ವೆಲ್ಡಿಂಗ್ ಬಿಡಿಸಿದೆ. ನಾಲ್ಕು ತುಂಡುಗಳು ಕೈಗೆ ಬಂದವು. ದಾರಂದದ ಕಚ್ಚು ನಾನು ಕತ್ತರಿಸಿದ ಜಾಗದಲ್ಲೇ ಇತ್ತು, ಅರ್ಧ ಕಿಡಿಯಾಗಿ ಹೋಗಿತ್ತು. ಉಳಿದವು ವೆಲ್ಡಿಂಗ್ ಬಿಸಿಗೆ ಮುಚ್ಚಿಹೋಗಿದ್ದವು. ಜೋಡಿಸಿಟ್ಟರೂ ಪ್ರಯೋಜನವಿರಲಿಲ್ಲ, ಆ ಕಚ್ಚುಗಳು ಆ ಡೊಂಕು ಗೈಡಿಗೆ, ಆ ನಡುಗುವ ಬ್ಲೇಡಿಗೆ ಹೊಂದಿಸಿ ಅವನು ವರ್ಷಗಟ್ಟಲೆ ತಿದ್ದಿದ್ದು. ಸರಿಯಾದ ಯಂತ್ರಕ್ಕೆ ಅವು ತಪ್ಪು. ಆಮೇಲೆ ಅರ ಹಿಡಿದು, ಹೊಸ ಪಟ್ಟಿಯ ಮೇಲೆ ಟೇಪು ಕಿತ್ತು, ಒಂದೊಂದು ಅಳತೆಗೂ ಹೊಸ ಕಚ್ಚು ಹಾಕಿದೆ. ಮೂರು ದಿನ ಹಿಡಿಯಿತು. ಅಣ್ಣನನ್ನು ಕೈ ಹಿಡಿದು ಕರೆತಂದೆ. ಅವನು ಹೆಬ್ಬೆರಳಿಟ್ಟು ಉದ್ದಕ್ಕೂ ಹೋದ. ಪ್ರತಿ ಕಚ್ಚಿನಲ್ಲೂ ನಿಂತ.

"ಸರಿಯಾಗೇ ಹಾಕಿದೀಯ ಮಾರಾಯ" ಎಂದ. "ಕೈಗೆ ಹೆದ್ರಿಕೆ ಬಂದ್ಬಿಟ್ಟಿದೆ."

ಸ್ವಿಚ್ಚಿನ ಕಡೆ ಅವನು ಹೋಗಲೇ ಇಲ್ಲ. ನಾನು ಶೆಡ್ಡಿನ ಹಿಂದೆ ಹೋಗಿ ಅತ್ತೆ. ಐವತ್ತು ದಾಟಿದ ಗಂಡಸು ಬಾಯಿಗೆ ಟವೆಲು ತುರುಕಿಕೊಂಡು ಅಳುವುದು ನೋಡಲು ಚೆನ್ನಾಗಿರುವುದಿಲ್ಲ.

ಎರಡು ತಿಂಗಳ ಮೇಲೆ ಅವನನ್ನು ಒಪ್ಪಿಸಿ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹನಿ ಹಾಕಿದರು, ಬೆಳಕು ಬಿಟ್ಟರು, ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಕೂರಿಸಿದರು. ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕಣ್ಣಿನ ನರ ಒಣಗಿದೆ ಎಂದರು. ಹೋದದ್ದು ಬರುವುದಿಲ್ಲ, ಇರುವಷ್ಟನ್ನು ಹನಿಯಲ್ಲಿ ಕಾಪಾಡಿಕೊಳ್ಳಬೇಕು. ಎರಡು ವರ್ಷದ ಹಿಂದೆ ಬಂದಿದ್ದರೆ ಎಷ್ಟೋ ಉಳಿಸಬಹುದಿತ್ತು ಎಂದೂ ಹೇಳಿದರು. ಎರಡು ವರ್ಷದ ಹಿಂದೆ ಆ ಕಚ್ಚುಗಳಿಲ್ಲದೆ ಇದ್ದಿದ್ದರೆ ಅವನು ಅವತ್ತೇ ಎಡವುತ್ತಿದ್ದ, ಅವತ್ತೇ ಬರುತ್ತಿದ್ದೆವು. ಹಾಗಾದರೆ ಪಟ್ಟಿಯನ್ನು ಉಳಿಸಿಕೊಂಡದ್ದು ತಪ್ಪೋ, ಕಿತ್ತದ್ದು ತಪ್ಪೋ. ನನಗೆ ಒಂದು ಕಡೆ ನಿಂತು ನನ್ನನ್ನೇ ಬೈದುಕೊಳ್ಳುವುದಕ್ಕೂ ಜಾಗವಿಲ್ಲದಂತಾಯಿತು.

ಡಾಕ್ಟರಮ್ಮ ಚೀಟಿ ಬರೆಯುತ್ತ ಕೇಳಿದರು. "ಯಾವಾಗಿಂದ ಕೆಲಸ ಮಾಡೋವಷ್ಟು ಕಾಣ್ತಿಲ್ಲ ನಿಮಗೆ? ಸರಿಯಾಗಿ ಹೇಳಿ, ಮುಚ್ಚಿಡಬೇಡಿ."

ಅತ್ತಿಗೆ ಬಾಯಿ ತೆರೆದರು. ಅಣ್ಣ ಕೈ ಎತ್ತಿ ತಡೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಯಾರನ್ನೂ ಚುಚ್ಚುವ ಉದ್ದೇಶವೂ ಇರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವವನ ಹಾಗೆ ಯೋಚಿಸಿ ಹೇಳಿದ.

"ಇವ್ನು ಮಿಷಿನ್ ರಿಪೇರಿ ಮಾಡೋ ತನಕ ಕಾಣ್ತಿತ್ತು ಡಾಕ್ಟ್ರೆ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹೌದು ಎಂದೆ.